‘ಅಣ್ಣಾ, ನನಗೆ ಆರ್.ವಿ. ಸಿಗುತ್ತದೆಯೇ?’: ಸಿಇಟಿ ರ‍್ಯಾಂಕ್ ಹಿಡಿದು ಕಾಲೇಜು ಪಟ್ಟಿ ಕಟ್ಟುವ ಬಗೆ

ಅರಸೀಕೆರೆ ಬಸ್ ನಿಲ್ದಾಣದ ಎದುರಿನ ಓಣಿಯಲ್ಲಿ ನನ್ನ ಅಂಗಡಿ. ಮೂರು ಕಂಪ್ಯೂಟರು, ಎರಡು ಜೆರಾಕ್ಸ್ ಯಂತ್ರ, ಕರೆಂಟು ಹೋದರೆ ಇಪ್ಪತ್ತು ನಿಮಿಷ ಉಸಿರು ಹಿಡಿಯುವ ಒಂದು ಯುಪಿಎಸ್. ವರ್ಷದ ಹತ್ತು ತಿಂಗಳು ಪಹಣಿ, ಬೆಳೆ ವಿಮೆ, ಜಾತಿ ಪ್ರಮಾಣಪತ್ರದ ಅರ್ಜಿ. ಎಂಜಿನಿಯರಿಂಗ್ ಸೀಟಿಗಾಗಿ ಬರೆಯುವ ಸಾಮಾನ್ಯ ಪ್ರವೇಶ ಪರೀಕ್ಷೆ, ಅಂದರೆ ಸಿಇಟಿಯ ಫಲಿತಾಂಶ ಬಂದ ದಿನದಿಂದ ಅಂಗಡಿಯ ಚಹರೆಯೇ ಬದಲಾಗುತ್ತದೆ. ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಒಬ್ಬೊಬ್ಬ ವಿದ್ಯಾರ್ಥಿಯ ಹಿಂದೆ ಅಪ್ಪ, ಅಮ್ಮ, ‘ವಿಷಯ ಗೊತ್ತಿರುವ’ ಒಬ್ಬ ಮಾವ. ಕುರ್ಚಿಯಲ್ಲಿ ಕುಳಿತ ತಕ್ಷಣ ಬರುವ ಪ್ರಶ್ನೆ ಮಾತ್ರ ಹನ್ನೆರಡು ವರ್ಷದಿಂದ ಒಂದೇ: ‘ಅಣ್ಣಾ, ನನಗೆ ಆರ್.ವಿ. ಸಿಗುತ್ತದೆಯೇ?’

ಆರ್.ವಿ. ಎಂದರೆ ಎಲ್ಲರೂ ಬಯಸುವ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು. ಈ ಪ್ರಶ್ನೆಗೆ ಹೌದು, ಇಲ್ಲ ಎಂದು ಹೇಳುವುದನ್ನು ನಾನು ಬಿಟ್ಟಿದ್ದೇನೆ. ಯಾಕೆ ಬಿಟ್ಟೆ ಎಂಬುದನ್ನು ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು ಲೆಕ್ಕ ಹಾಕುವುದು ಹೇಗೆ ಎಂದು ನೋಡೋಣ. ಲೆಕ್ಕ ನೀವೇ ಹಾಕಬೇಕು, ಅಂಗಡಿಯವನು ಟೈಪ್ ಮಾಡಿದರೆ ಸಾಕು.

ಎರಡು ವರ್ಷದ ಹಿಂದೆ ಗಂಡಸಿ ಕಡೆಯ ಹಳ್ಳಿಯಿಂದ ಒಬ್ಬ ಹುಡುಗಿ ಬಂದಿದ್ದಳು. ಜೊತೆಗೆ ಅಪ್ಪ, ತೆಂಗಿನ ತೋಟದವರು. ಹುಡುಗಿ ಆಗಲೇ ಅತ್ತು ಮುಖ ತೊಳೆದುಕೊಂಡಿದ್ದಳು. ರ‍್ಯಾಂಕ್ 11,840. ಅವಳ ತರಗತಿಯಲ್ಲಿ ಯಾರಿಗೋ ಎರಡು ಸಾವಿರದೊಳಗೆ ಬಂದಿತ್ತಂತೆ, ದುಃಖಕ್ಕೆ ಅಷ್ಟೇ ಕಾರಣ. ಎಂಜಿನಿಯರಿಂಗ್ ರ‍್ಯಾಂಕ್ ಸಿಗುವುದು ಎರಡೂವರೆ ಲಕ್ಷಕ್ಕೂ ಹೆಚ್ಚು ಮಂದಿಗೆ. 11,840 ಎಂದರೆ ನೂರು ಜನರನ್ನು ಸಾಲಾಗಿ ನಿಲ್ಲಿಸಿದರೆ ಮೊದಲ ಐದರಲ್ಲಿ ಅವಳಿದ್ದಾಳೆ. ಇದನ್ನು ಹೇಳಿದ ಮೇಲೆ ಅಪ್ಪನ ಭುಜ ಸ್ವಲ್ಪ ಇಳಿಯಿತು, ಹುಡುಗಿಯದು ಇಳಿಯಲಿಲ್ಲ. ಅವಳ ಉದಾಹರಣೆಯನ್ನೇ ಇಲ್ಲಿ ಇಟ್ಟುಕೊಳ್ಳುತ್ತೇನೆ.

ಮೊದಲು ರ‍್ಯಾಂಕ್ ಎಲ್ಲಿಂದ ಬಂತು ಎಂದು ತಿಳಿಯಿರಿ. ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಮುನ್ನೂರು ಅಂಕ ಅರ್ಧ ಪಾಲು. ಸಿಇಟಿಯ ಇದೇ ಮೂರು ವಿಷಯದ ನೂರ ಎಂಬತ್ತು ಅಂಕ ಇನ್ನರ್ಧ ಪಾಲು. ಅವಳಿಗೆ ಪಿಯುಸಿಯಲ್ಲಿ ಮೂರೂ ಸೇರಿ 264. ಅಂದರೆ ಶೇಕಡ 88, ಅದರ ಅರ್ಧ 44. ಸಿಇಟಿಯಲ್ಲಿ 108. ಶೇಕಡ 60, ಅದರ ಅರ್ಧ 30. ಒಟ್ಟು 74. ರ‍್ಯಾಂಕ್ ನಿಂತಿರುವುದು ಈ 74ರ ಮೇಲೆ. ಇನ್ನೂ ಪರೀಕ್ಷೆ ಬರೆಯದೆ ಇದನ್ನು ಓದುತ್ತಿರುವವರು ಒಂದು ಮಾತನ್ನು ಗುರುತು ಹಾಕಿಕೊಳ್ಳಿ: ಪಿಯುಸಿಯ ಹತ್ತು ಅಂಕ ಸಿಇಟಿಯ ಆರು ಅಂಕಕ್ಕೆ ಸಮ. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದೂ ಇಲ್ಲ. ಆದ್ದರಿಂದ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬೇಡಿ ಎಂದು ನಾನು ಜೆರಾಕ್ಸ್‌ಗೆ ಬರುವ ಮಕ್ಕಳಿಗೆಲ್ಲ ಹೇಳುತ್ತೇನೆ. ಹೇಳಿದರೂ ಬಿಟ್ಟು ಬರುತ್ತಾರೆ.

‘ಇಷ್ಟು ಅಂಕಕ್ಕೆ ಇಷ್ಟು ರ‍್ಯಾಂಕ್’ ಎಂಬ ಪಟ್ಟಿಗಳು ಮೊಬೈಲಿನಲ್ಲಿ ಓಡಾಡುತ್ತಿರುತ್ತವೆ. ಅವನ್ನು ನೆಚ್ಚಬೇಡಿ. 2021ರಲ್ಲಿ ಪಿಯುಸಿ ಪರೀಕ್ಷೆಯೇ ನಡೆಯಲಿಲ್ಲ, ರ‍್ಯಾಂಕ್ ಬಂದದ್ದು ಸಿಇಟಿ ಅಂಕವೊಂದರಿಂದ. 2024ರಲ್ಲಿ ಪಠ್ಯಕ್ರಮದ ಹೊರಗಿನವೆಂದು ನಾಲ್ಕು ವಿಷಯಗಳಿಂದ ಒಟ್ಟು ಐವತ್ತು ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಟ್ಟರು. ಒಂದು ವರ್ಷದ ಅಂಕವನ್ನು ಇನ್ನೊಂದು ವರ್ಷದ ತಕ್ಕಡಿಯಲ್ಲಿ ತೂಗಲಾಗದು. ರ‍್ಯಾಂಕಿಗೆ ರ‍್ಯಾಂಕನ್ನು ಮಾತ್ರ ಹೋಲಿಸಿ.

ಈಗ ಕಟಾಫ್ ಪಟ್ಟಿ, ಅಂದರೆ ಯಾವ ಸೀಟು ಎಷ್ಟನೇ ರ‍್ಯಾಂಕಿಗೆ ಮುಗಿಯಿತು ಎಂಬ ಲೆಕ್ಕ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಜಾಲತಾಣದಲ್ಲೇ ಪ್ರತಿ ವರ್ಷದ, ಸೀಟು ಹಂಚಿಕೆಯ ಪ್ರತಿ ಸುತ್ತಿನ ಕಟಾಫ್ ಇರುತ್ತದೆ. ದುಡ್ಡು ಕೊಟ್ಟು ಯಾವ ಆ್ಯಪ್‌ನಿಂದಲೂ ಕೊಳ್ಳಬೇಕಾಗಿಲ್ಲ. ಎಡಗಡೆ ಕೋರ್ಸಿನ ಹೆಸರು, ಅಲ್ಲಿಂದ ಬಲಕ್ಕೆ 1ಜಿ, 1ಕೆ, 1ಆರ್, 2ಎಜಿ, 2ಎಕೆ, 2ಎಆರ್ ಎಂದು ಸಾಲು ಹೋಗಿ ಜಿಎಂ, ಜಿಎಂಕೆ, ಜಿಎಂಆರ್ ದಾಟಿ ಎಸ್‌ಟಿಆರ್‌ವರೆಗೆ ಓಡುತ್ತದೆ. ಮನೆಯಂಗಳದ ರಂಗೋಲಿಯ ಚುಕ್ಕಿಗಳ ಹಾಗೆ ಕಾಣುತ್ತದೆ, ಹೆದರಬೇಡಿ. 1, 2ಎ ಎಂಬವು ಹಿಂದುಳಿದ ವರ್ಗಗಳು, ಜಿಎಂ ಎಂದರೆ ಎಲ್ಲರಿಗೂ ತೆರೆದ ಸಾಮಾನ್ಯ ಅರ್ಹತೆಯ ಸೀಟು. ವರ್ಗದ ಹೆಸರಿನ ಕೊನೆಯ ಅಕ್ಷರ ಜಿ ಎಂದರೆ ಆ ವರ್ಗದ ಸಾಮಾನ್ಯ ಸೀಟು, ಕೆ ಎಂದರೆ ಕನ್ನಡ ಮಾಧ್ಯಮ, ಆರ್ ಎಂದರೆ ಗ್ರಾಮೀಣ. ಒಂದೊಂದು ಮನೆಯಲ್ಲಿರುವ ಸಂಖ್ಯೆ ಆ ಸೀಟು ಪಡೆದ ಕೊನೆಯ ಅಭ್ಯರ್ಥಿಯ ರ‍್ಯಾಂಕ್. ಎರಡು ಅಡ್ಡಗೆರೆ ಇದ್ದರೆ ಆ ಮನೆಯಲ್ಲಿ ಯಾರಿಗೂ ಸೀಟು ಹಂಚಿಕೆಯಾಗಿಲ್ಲ.

ಹತ್ತರಲ್ಲಿ ಎಂಟು ಮಂದಿ ಎಡವುವುದು ಇಲ್ಲೇ. ಜಿಎಂ ಸಂಖ್ಯೆ ನೋಡಿ ಎದೆ ಒಡೆದುಕೊಳ್ಳುತ್ತಾರೆ. ಆದರೆ ನಿಮ್ಮದು ಒಂದೇ ಕಾಲಂ ಅಲ್ಲ. ಗಂಡಸಿಯ ಹುಡುಗಿ 2ಎ ವರ್ಗ, ಒಂದರಿಂದ ಹತ್ತನೇ ತರಗತಿಯವರೆಗೆ ಹಳ್ಳಿಯಲ್ಲೇ ಓದಿದವಳು. ಅವಳು ನೋಡಬೇಕಾದದ್ದು ಜಿಎಂ, ಜಿಎಂಆರ್, 2ಎಜಿ, 2ಎಆರ್ ಈ ನಾಲ್ಕನ್ನೂ. ಲೆಕ್ಕ ತೋರಿಸಲು ನಾನೇ ಒಂದು ಸಾಲು ಬರೆಯುತ್ತೇನೆ, ಯಾವ ಕಾಲೇಜಿನದೂ ಅಲ್ಲ: ಜಿಎಂ 5,210; ಜಿಎಂಆರ್ 7,900; 2ಎಜಿ 8,460; 2ಎಆರ್ 12,650. ಜಿಎಂ ನೋಡಿದರೆ ಅವಳು ಆರೂವರೆ ಸಾವಿರ ಹಿಂದೆ. 2ಎಆರ್ ನೋಡಿದರೆ ಎಂಟು ನೂರು ಮುಂದೆ. ನಾಲ್ಕರಲ್ಲಿ ಯಾವುದು ದೊಡ್ಡ ಸಂಖ್ಯೆಯೋ ಅದೇ ಅವಳ ಬಾಗಿಲು.

ಅಪ್ಪ ಆಗಲೇ ಮುಗುಳ್ನಕ್ಕಿದ್ದರು. ‘ತಡೆಯಿರಿ’ ಎಂದು ಒಂದು ಬಿಳಿ ಹಾಳೆ ತೆಗೆದುಕೊಂಡೆ. ಖಾಸಗಿ ಕಾಲೇಜಿನ ಒಂದು ಕೋರ್ಸಿನಲ್ಲಿ ಅರವತ್ತು ಸೀಟು ಇದೆ ಎಂದುಕೊಳ್ಳಿ. ಅಷ್ಟೂ ಸಿಇಟಿಗೆ ಬರುವುದಿಲ್ಲ. ಖಾಸಗಿ ಕಾಲೇಜುಗಳ ಒಕ್ಕೂಟ ನಡೆಸುವ ಪ್ರವೇಶ ಪರೀಕ್ಷೆಯಾದ ಕಾಮೆಡ್-ಕೆ ಪಾಲು, ಆಡಳಿತ ಮಂಡಳಿಯ ಪಾಲು ಹೋಗಿ ಸರ್ಕಾರದ ಪಾಲಿಗೆ ಶೇಕಡ 45, ಅಂದರೆ 27 ಸೀಟು. ಅಲ್ಪಸಂಖ್ಯಾತ ಸಂಸ್ಥೆಯಾದರೆ ಇನ್ನೂ ಕಡಿಮೆ. ಆ 27ರಲ್ಲಿ 2ಎಗೆ ಶೇಕಡ 15, ಅಂದರೆ ನಾಲ್ಕು. ಆ ನಾಲ್ಕರಲ್ಲಿ ಗ್ರಾಮೀಣಕ್ಕೆ ಶೇಕಡ 15. ಗುಣಿಸಿದರೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಸಿಕ್ಕರೆ ಒಂದು ಸೀಟು. 2ಎಆರ್ ಮನೆಯಲ್ಲಿ ಕಂಡ 12,650 ಎಂಬುದು ಒಬ್ಬಳೇ ಒಬ್ಬಳ, ಅಥವಾ ಒಬ್ಬನೇ ಒಬ್ಬನ ರ‍್ಯಾಂಕ್. ಹೋದ ವರ್ಷ ಆ ವ್ಯಕ್ತಿ ಬೇರೆ ಕಾಲೇಜಿಗೆ ಮನಸ್ಸು ಮಾಡಿದ್ದರೆ ಆ ಸಂಖ್ಯೆ 15,000 ಆಗುತ್ತಿತ್ತು, ಇನ್ನೊಬ್ಬ ಬುದ್ಧಿವಂತ ಅಲ್ಲಿಗೆ ಬಂದಿದ್ದರೆ 9,000. ಜಿಎಂ ಮನೆಯಲ್ಲಾದರೋ ಸುಮಾರು ಹತ್ತು ಸೀಟು ಇರುತ್ತವೆ, ಒಬ್ಬರ ಮನಸ್ಸು ಬದಲಾದರೆ ಕಟಾಫ್ ಅಷ್ಟಾಗಿ ಅಲುಗಾಡುವುದಿಲ್ಲ.

ಹಾಗಾಗಿ ನನ್ನದೊಂದು ರೂಢಿ. ಯಾವ ಪುಸ್ತಕದ್ದೂ ಅಲ್ಲ, ಕುರ್ಚಿಯಲ್ಲಿ ಕುಳಿತು ಕಲಿತದ್ದು. ಮೂರು ವರ್ಷದ ಕಟಾಫ್ ಪಕ್ಕಪಕ್ಕದಲ್ಲಿ ಬರೆಯಿರಿ, 2021 ಬಂದರೆ ಅದನ್ನು ದಾಟಿ. ಮೂರರಲ್ಲಿ ಅತಿ ಚಿಕ್ಕ ಸಂಖ್ಯೆಗಿಂತಲೂ ನಿಮ್ಮ ರ‍್ಯಾಂಕ್ ಚಿಕ್ಕದಿದ್ದರೆ ಅದು ಭದ್ರ. ಮೂರರ ನಡುವೆ ಎಲ್ಲೋ ಬಿದ್ದರೆ ಅನುಮಾನ. ಮೂರನ್ನೂ ಮೀರಿದ್ದರೆ ಅದು ಆಸೆ. ಒಂದೆರಡು ಸೀಟಿನ ಮನೆಯಾದರೆ ಭದ್ರ ಎನ್ನಲು ಇನ್ನೂ ಕಾಲು ಭಾಗ ಅಂತರ ಬೇಕು. ಹುಡುಗಿಯ ಅಪ್ಪ ಇದನ್ನೆಲ್ಲ ಕೇಳಿ, ‘ಅಂದರೆ ಒಂದು ಕಣಕ್ಕೆ ಬಂದದ್ದು, ಒಂದು ಪೈರಿನಲ್ಲಿ ನಿಂತದ್ದು, ಇನ್ನೊಂದು ಬಿತ್ತಿ ಮಳೆ ಕಾಯುವುದು’ ಎಂದರು. ಆವತ್ತಿನಿಂದ ನಾನೂ ಹಾಗೆಯೇ ಹೇಳುತ್ತಿದ್ದೇನೆ. ನಮ್ಮ ತಾಲ್ಲೂಕಿನಲ್ಲಿ ಮಳೆ ಕಾಯುವುದು ಏನೆಂದು ಯಾರಿಗೂ ವಿವರಿಸಬೇಕಾಗಿಲ್ಲ.

ಸುತ್ತುಗಳನ್ನೂ ಬೇರೆ ಬೇರೆ ನೋಡಿ. ಮೊದಲ ಸುತ್ತಿನ ಕಟಾಫ್ ಬಿಗಿ, ಎರಡನೆಯದರಲ್ಲಿ ಸಡಿಲವಾಗುವುದೇ ಹೆಚ್ಚು. ಮೇಲಿನವರು ಐಐಟಿ, ಸುರತ್ಕಲ್ಲಿನ ಎನ್‌ಐಟಿಕೆ, ವೈದ್ಯಕೀಯ ಎಂದು ಹೊರಟುಹೋಗಿರುತ್ತಾರೆ. ಮೊದಲ ಸುತ್ತಿಗೆ ಮೊದಲ ಸುತ್ತು, ಎರಡಕ್ಕೆ ಎರಡು ಎಂದೇ ಹೋಲಿಸಿ. ಕೋರ್ಸಿನ ಸೀಟು ಸಂಖ್ಯೆ ಈ ವರ್ಷ ಬದಲಾಗಿದೆಯೇ ಎಂದು ಪ್ರಾಧಿಕಾರದ ಸೀಟು ಲೆಕ್ಕದ ಪಟ್ಟಿ, ಅಂದರೆ ಸೀಟ್ ಮ್ಯಾಟ್ರಿಕ್ಸ್ ನೋಡಿ. ಕಂಪ್ಯೂಟರ್ ಸೈನ್ಸ್‌ಗೆ ಅರವತ್ತು ಸೀಟು ಹೆಚ್ಚಾದರೆ ಹಳೆಯ ಕಟಾಫ್ ಹಳೆಯ ಕ್ಯಾಲೆಂಡರ್ ಇದ್ದ ಹಾಗೆ. ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಸಂವಿಧಾನದ 371ಜೆ ವಿಧಿಯ ಅಡಿಯಲ್ಲಿ ಪ್ರತ್ಯೇಕ ಕಟಾಫ್ ಪಟ್ಟಿ ಇರುತ್ತದೆ. ನಮ್ಮ ಕಡೆ ಅದು ಬರುವುದು ವರ್ಗವಾಗಿ ಬಂದ ನೌಕರರ ಮನೆಗಳಲ್ಲಿ, ಮರೆತುಬಿಟ್ಟು ಆಮೇಲೆ ಪೇಚಾಡುತ್ತಾರೆ.

ಕಾಲಂ ನಿಮ್ಮದು ಎನ್ನಲು ಕಾಗದ ಬೇಕು. ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ತಪ್ಪಿಲ್ಲದೆ ನಮೂದಾಗಿರಬೇಕು. ಗ್ರಾಮೀಣ ಎನ್ನಲು ಹತ್ತು ಪೂರ್ಣ ವರ್ಷದ ವ್ಯಾಸಂಗ ಪ್ರಮಾಣಪತ್ರ, ಅದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಮೇಲುಸಹಿ. ಏಳರವರೆಗೆ ಹಳ್ಳಿಯಲ್ಲಿ ಓದಿ ಎಂಟಕ್ಕೆ ಪಟ್ಟಣದ ಶಾಲೆಗೆ ಬಂದವರಿಗೆ ಆ ಮೀಸಲಾತಿ ಇಲ್ಲ. ಅಜ್ಜಿಯ ಮನೆಯಲ್ಲಿದ್ದು ಬಸ್ಸಿನಲ್ಲಿ ಓಡಾಡಿದೆ ಎಂದರೂ ಇಲ್ಲ. ಶಾಲೆ ಎಲ್ಲಿತ್ತು ಎಂಬುದೇ ಲೆಕ್ಕ. ಕನ್ನಡ ಮಾಧ್ಯಮಕ್ಕೂ ಒಂದರಿಂದ ಹತ್ತು ಪೂರ್ತಿ ಬೇಕು. ಗಂಡಸಿಯ ಹುಡುಗಿ ಎಂಟನೇ ತರಗತಿಗೆ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿದ್ದರಿಂದ 2ಎಕೆ ಅವಳ ಕೈ ತಪ್ಪಿತು, 2ಎಆರ್ ಉಳಿಯಿತು.

ಹೆಸರುಗಳ ವಿಷಯಕ್ಕೆ ಬಂದರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ‘ಆರ್.ವಿ. ಸಿಕ್ಕಿತು’ ಎಂದು ಪೇಡಾ ಹಂಚಿದ ಒಂದು ಕುಟುಂಬಕ್ಕೆ ಸಿಕ್ಕಿದ್ದು ಮೈಸೂರು ರಸ್ತೆಯ ಆರ್.ವಿ. ಎಂಜಿನಿಯರಿಂಗ್ ಕಾಲೇಜಾಗಿರಲಿಲ್ಲ, ಅದೇ ಹೆಸರು ಹೊತ್ತ ಬೇರೆ ಸಂಸ್ಥೆ. ಕಾಲೇಜಿನಲ್ಲಿ ಕೊರತೆಯೇನೂ ಇಲ್ಲ, ಆದರೆ ಅವರು ಅಂದುಕೊಂಡದ್ದು ಅದಲ್ಲ. ಆರ್.ವಿ. ಹೆಸರಿನಲ್ಲಿ ಎಂಜಿನಿಯರಿಂಗ್ ಕಾಲೇಜು, ಜೆ.ಪಿ. ನಗರದ ತಾಂತ್ರಿಕ ಸಂಸ್ಥೆ, ವಿಶ್ವವಿದ್ಯಾಲಯ ಎಲ್ಲವೂ ಇವೆ. ಬಿ.ಎಂ.ಎಸ್. ಎಂದರೆ ಬಸವನಗುಡಿಯ 1946ರ ಕಾಲೇಜೂ ಆಯಿತು, ಯಲಹಂಕದ ಸಂಸ್ಥೆಯೂ ಆಯಿತು. ಪಿ.ಇ.ಎಸ್. ವಿಶ್ವವಿದ್ಯಾಲಯಕ್ಕೆ ರಿಂಗ್ ರಸ್ತೆಯಲ್ಲೊಂದು, ಎಲೆಕ್ಟ್ರಾನಿಕ್ ಸಿಟಿಯಲ್ಲೊಂದು ಕ್ಯಾಂಪಸ್, ಮಂಡ್ಯದ ಪಿ.ಇ.ಎಸ್. ಕಾಲೇಜು ಬೇರೆಯೇ. ದಯಾನಂದ ಸಾಗರ, ರಾಮಯ್ಯ ಹೆಸರಿನಲ್ಲೂ ಹೀಗೆಯೇ ಕಾಲೇಜು ಬೇರೆ, ವಿಶ್ವವಿದ್ಯಾಲಯ ಬೇರೆ. ಪ್ರತಿಯೊಂದಕ್ಕೂ ಪ್ರಾಧಿಕಾರ ಕೊಟ್ಟ ಕೋಡ್ ಇರುತ್ತದೆ. ಹೆಸರು ಬರೆಯಬೇಡಿ, ಕೋಡ್ ಬರೆಯಿರಿ. ಪಕ್ಕದಲ್ಲಿ ಊರು, ಅದರ ಪಕ್ಕದಲ್ಲಿ ಶುಲ್ಕ. ಶುಲ್ಕದ ಕಾಲಂ ತುಂಬುವುದು ಅಪ್ಪ-ಅಮ್ಮನ ಕೆಲಸ, ಅದೂ ಪಟ್ಟಿ ಕಟ್ಟುವ ಮೊದಲೇ. ಸೀಟು ಸಿಕ್ಕ ಮೇಲೆ ‘ಇಷ್ಟೊಂದೇ?’ ಎಂದು ಕೇಳಿದರೆ ಮಗುವಿನ ಮುಖ ನೋಡಲಾಗುವುದಿಲ್ಲ. ಕುಟುಂಬದ ವಾರ್ಷಿಕ ಆದಾಯ ಎಂಟು ಲಕ್ಷದೊಳಗಿದ್ದರೆ ಬೋಧನಾ ಶುಲ್ಕ ಮನ್ನಾ ಇರುವ ಎಸ್‌ಎನ್‌ಕ್ಯೂ ಸೀಟುಗಳೂ ಇವೆ, ಅರ್ಜಿ ತುಂಬುವಾಗಲೇ ಅದಕ್ಕೆ ಗುರುತು ಹಾಕಿರಬೇಕು.

ಇನ್ನು ಆಯ್ಕೆಗಳನ್ನು ದಾಖಲಿಸುವ ಕ್ರಮ. ನಾನು ಹೌದು-ಇಲ್ಲ ಹೇಳುವುದನ್ನು ಬಿಟ್ಟ ಕಥೆ ಇಲ್ಲಿದೆ.

ಅಂಗಡಿ ತೆರೆದ ಎರಡನೆಯ ವರ್ಷ. ಹೊರಗೆ ಮಳೆ, ಒಳಗೆ ಜನ, ಸರ್ವರ್ ನಿಧಾನ. ಒಬ್ಬ ಹುಡುಗ ತನ್ನ ಪಟ್ಟಿಯ ಮೊದಲಲ್ಲಿ ಮೈಸೂರಿನ ಒಂದು ಒಳ್ಳೆಯ ಕಾಲೇಜಿನ ಕೋರ್ಸು ಬರೆದುಕೊಂಡು ಬಂದಿದ್ದ. ನಾನು ಕಟಾಫ್ ನೋಡಿ, ‘ಇದು ನಿನಗೆ ಬರುವುದಿಲ್ಲ, ಬಿಡು, ಒಂದು ಸಾಲು ಉಳಿಯಲಿ’ ಎಂದೆ. ಅವನು ತಲೆಯಾಡಿಸಿದ. ಆ ವರ್ಷ ಎರಡನೇ ಸುತ್ತಿನಲ್ಲಿ ಅದೇ ಕೋರ್ಸು ಅವನ ರ‍್ಯಾಂಕಿಗಿಂತ ಮುನ್ನೂರು ಆಚೆ ಹೋಗಿ ಮುಗಿಯಿತು. ಪಟ್ಟಿಯಲ್ಲಿದ್ದಿದ್ದರೆ ಅವನದಾಗುತ್ತಿತ್ತು. ಅವನು ಬಂದು ಜಗಳವಾಡಲಿಲ್ಲ. ಅವನ ಅಮ್ಮ ಮಾತ್ರ ಮುಂದಿನ ವರ್ಷ ಪಹಣಿಗೆ ಬಂದಾಗ, ‘ಅದೊಂದು ಸಾಲು ಹಾಕಿದ್ದರೆ ಚೆನ್ನಾಗಿತ್ತು’ ಎಂದರು. ಹದಿನೈದು ರೂಪಾಯಿ ಕೊಟ್ಟರು, ಹೋದರು.

ಸೀಟು ಹಂಚುವ ಕಂಪ್ಯೂಟರಿಗೆ ನಿಮ್ಮ ಆಸೆಯ ಬಗ್ಗೆ ಯಾವ ಅಭಿಪ್ರಾಯವೂ ಇರುವುದಿಲ್ಲ. ಅದು ಒಂದನೇ ರ‍್ಯಾಂಕಿನಿಂದ ಶುರು ಮಾಡಿ ಒಬ್ಬೊಬ್ಬರನ್ನೇ ಕರೆದ ಹಾಗೆ ಬರುತ್ತದೆ. ನಿಮ್ಮ ಸರದಿ ಬಂದಾಗ ನಿಮ್ಮ ಮೊದಲ ಸಾಲು ನೋಡುತ್ತದೆ. ಅಲ್ಲಿ ನಿಮಗೆ ಸಲ್ಲುವ ಸೀಟು ಇಲ್ಲವೆಂದರೆ ಎರಡನೆಯದು, ಮೂರನೆಯದು. ಮೊದಲ ಹತ್ತು ಸಾಲು ಆಸೆಯವೇ ಆಗಿದ್ದರೂ ಹನ್ನೊಂದನೆಯ ಸಾಲಿನಲ್ಲಿ ನಿಮ್ಮ ಹಕ್ಕು ಒಂದು ಗುಲಗಂಜಿಯಷ್ಟೂ ಕಡಿಮೆಯಾಗುವುದಿಲ್ಲ. ‘ದೊಡ್ಡ ಕಾಲೇಜು ಮೇಲೆ ಹಾಕಿದರೆ ಚಿಕ್ಕದೂ ತಪ್ಪುತ್ತದೆ’ ಎಂದು ಹೇಳುವ ಮಾವಂದಿರು ಪ್ರತಿ ವರ್ಷ ಬರುತ್ತಾರೆ. ಅವರಿಗೆ ಟೀ ತರಿಸಿ ಹೊರಗಿನ ಬೆಂಚಿನಲ್ಲಿ ಕೂರಿಸುತ್ತೇನೆ.

ಹಾಗಾದರೆ ಅಷ್ಟು ಹೊತ್ತು ಕೂತು ಭದ್ರ, ಅನುಮಾನ, ಆಸೆ ಎಂದು ಲೆಕ್ಕ ಹಾಕಿದ್ದು ಯಾಕೆ? ಪಟ್ಟಿಯ ತಳಕ್ಕಾಗಿ. ತಲೆಯನ್ನು ಮನಸ್ಸು ಕಟ್ಟಲಿ, ತಳವನ್ನು ಲೆಕ್ಕ ಕಟ್ಟಲಿ. ಯಾವುದು ಬೇಕೋ ಅದೇ ಕ್ರಮದಲ್ಲಿ ಮೇಲಿನಿಂದ ಬರೆಯಿರಿ. ಬರೆದ ಮೇಲೆ ಕಣಕ್ಕೆ ಬಂದವು ಎಷ್ಟಿವೆ ಎಂದು ಎಣಿಸಿ. ಎಂಟು ಹತ್ತಾದರೂ ಇರಬೇಕು, ಅವೂ ನೀವು ನಿಜವಾಗಿ ಸೇರಲು ಒಪ್ಪುವಂಥವೇ ಆಗಿರಬೇಕು. ಹುಡುಗಿಯ ಮೊದಲ ಪಟ್ಟಿಯಲ್ಲಿ ಇದ್ದದ್ದು ಹದಿನಾಲ್ಕು ಸಾಲು, ಅಷ್ಟೂ ಬೆಂಗಳೂರು, ಅಷ್ಟೂ ಕಂಪ್ಯೂಟರ್ ಸೈನ್ಸ್. ಕಣಕ್ಕೆ ಬಂದದ್ದು ಒಂದೂ ಇರಲಿಲ್ಲ. ಆರ್.ವಿ.ಯ ಕಂಪ್ಯೂಟರ್ ಸೈನ್ಸ್ ಜಿಎಂನಲ್ಲಿ ಮೊದಲ ಸಾವಿರದೊಳಗೇ ಮುಗಿಯುವ ಸೀಟು. ಅದನ್ನು ಅಳಿಸಲಿಲ್ಲ, ಮೊದಲ ಸಾಲಿನಲ್ಲೇ ಬಿಟ್ಟೆವು. ಕೆಳಗೆ ಹಾಸನ, ಮೈಸೂರು, ತುಮಕೂರು, ದಾವಣಗೆರೆ ಸೇರಿಸಿದೆವು. 1917ರಲ್ಲಿ ವಿಶ್ವೇಶ್ವರಯ್ಯನವರು ಕಟ್ಟಿದ ಬೆಂಗಳೂರಿನ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಯುವಿಸಿಇ ಬೇಡ, ‘ಕಟ್ಟಡ ಹಳೆಯದು’ ಎಂದಳು. ಅಪ್ಪ ಶುಲ್ಕದ ಕಾಲಂ ಮೇಲೆ ಬೆರಳಿಟ್ಟು ಸುಮ್ಮನೆ ನೋಡಿದರು. ಅದರ ನಾಲ್ಕು ಕೋರ್ಸು ಪಟ್ಟಿಗೆ ಬಂದವು.

ಒಳ್ಳೆಯ ಕಾಲೇಜಿನ ಸಿವಿಲ್ ಮೇಲೋ, ಸಾಧಾರಣ ಕಾಲೇಜಿನ ಕಂಪ್ಯೂಟರ್ ಮೇಲೋ ಎಂಬುದಕ್ಕೆ ನನ್ನ ಬಳಿ ಉತ್ತರವಿಲ್ಲ. ಮಗುವಿನ ಬಳಿ ಇರುತ್ತದೆ. ಅಪ್ಪನನ್ನು ಜೆರಾಕ್ಸ್ ಎಣಿಸಲು ಕಳಿಸಿ ಮಗುವನ್ನು ಒಂಟಿಯಾಗಿ ಕೇಳುತ್ತೇನೆ. ಆ ಹುಡುಗಿ ತಟ್ಟನೆ ‘ಎಲೆಕ್ಟ್ರಾನಿಕ್ಸ್’ ಎಂದಳು. ಮನೆಯ ರೇಡಿಯೋ ಬಿಚ್ಚಿ ಜೋಡಿಸಿದ್ದಳಂತೆ, ಜೋಡಿಸಿದ ಮೇಲೆ ಒಂದು ಸ್ಕ್ರೂ ಉಳಿದಿತ್ತಂತೆ. ಪಟ್ಟಿ ಆ ಹತ್ತು ನಿಮಿಷದಲ್ಲಿ ತಲೆಕೆಳಗಾಯಿತು. ಕೊನೆಗೆ 62 ಸಾಲು.

ನಿಜವಾದ ಸುತ್ತಿಗೆ ಮೊದಲು ಪ್ರಯೋಗಕ್ಕೆಂದು ತೋರಿಸುವ ಅಣಕು ಹಂಚಿಕೆ ಬಂದಾಗ ಅದನ್ನೇ ನಂಬಿ ಸಂಭ್ರಮಿಸಬೇಡಿ, ಅಳಲೂ ಬೇಡಿ. ಆಗ ಎಲ್ಲರೂ ಪಟ್ಟಿ ತಿದ್ದುತ್ತಾರೆ. ಅದು ಕನ್ನಡಿ ಮಾತ್ರ: ಸಿಕ್ಕಿದ ಸಾಲಿನ ಕೆಳಗೆ ಅದಕ್ಕಿಂತ ಹೆಚ್ಚು ಬೇಕಾದದ್ದು ಉಳಿದಿದ್ದರೆ ಕ್ರಮ ತಪ್ಪಿದೆ ಎಂದರ್ಥ, ಸರಿಪಡಿಸಿ.

ನಿಜವಾದ ಸುತ್ತಿನಲ್ಲಿ ಸೀಟು ಬಂದ ಮೇಲೆ ನಾಲ್ಕು ದಾರಿ. ಛಾಯ್ಸ್ 1 ಎಂದರೆ ಒಪ್ಪಿದೆ, ಶುಲ್ಕ ಕಟ್ಟಿ ಸೇರುತ್ತೇನೆ. ಛಾಯ್ಸ್ 2 ಎಂದರೆ ಇದನ್ನು ಹಿಡಿದುಕೊಂಡು ಮುಂದಿನ ಸುತ್ತಿಗೆ ಹೋಗುತ್ತೇನೆ. ಛಾಯ್ಸ್ 3 ಎಂದರೆ ಇದನ್ನು ಬಿಟ್ಟು ಮುಂದಿನ ಸುತ್ತಿಗೆ. 4 ಎಂದರೆ ನಮಸ್ಕಾರ. ಹುಷಾರಾಗಿರಬೇಕಾದದ್ದು 2ರಲ್ಲಿ. ಮೇಲಿನ ಸಾಲಿನ ಸೀಟು ಸಿಕ್ಕಿದರೆ ಕೈಯಲ್ಲಿದ್ದದ್ದು ತಾನಾಗಿಯೇ ಹೋಗುತ್ತದೆ, ಆಮೇಲೆ ‘ಹಳೆಯದೇ ಚೆನ್ನಾಗಿತ್ತು’ ಎಂದರೆ ಆಗುವುದಿಲ್ಲ. ಹಾಗಾಗಿ 2 ಒತ್ತುವ ಮೊದಲು, ಈಗ ಸಿಕ್ಕಿರುವುದಕ್ಕಿಂತ ಮೇಲಿರುವ ಸಾಲುಗಳನ್ನೆಲ್ಲ ಮತ್ತೊಮ್ಮೆ ಗಟ್ಟಿಯಾಗಿ ಓದಿ. ಒಂದೇ ಒಂದು ಸಾಲಿಗೆ ಮನಸ್ಸು ಹಿಂಜರಿದರೂ ಅದನ್ನು ಅಳಿಸಿ. 3 ಒತ್ತುವವರನ್ನು ನಾನು ಎರಡು ಸಲ ಕೇಳುತ್ತೇನೆ, ಮೂರನೇ ಸಲ ಮನೆಗೆ ಫೋನ್ ಮಾಡಿಸುತ್ತೇನೆ.

2002ರಲ್ಲಿ ನಾನು ಸೀಟು ಹುಡುಕಿದ್ದು ಹೀಗಲ್ಲ. ಅಪ್ಪನ ಜೊತೆ ರೈಲಿನಲ್ಲಿ ಯಶವಂತಪುರಕ್ಕೆ ಹೋಗಿ, ಮಲ್ಲೇಶ್ವರದಲ್ಲಿ ಸಾಲು ನಿಂತು, ಪರದೆಯ ಮೇಲೆ ಸೀಟುಗಳು ಒಂದೊಂದಾಗಿ ಕರಗುವುದನ್ನು ನೋಡುತ್ತ ಕುಳಿತಿದ್ದೆವು. ನನ್ನ ಸರದಿ ಬರುವ ಹೊತ್ತಿಗೆ ತಲೆಯಲ್ಲಿದ್ದ ಪಟ್ಟಿಯೇ ಮರೆತುಹೋಗಿತ್ತು. ಕಂಡ ಮೊದಲ ಹೆಸರು ಹೇಳಿದೆ. ಈಗಿನ ಮಕ್ಕಳಿಗೆ ಮನೆಯಲ್ಲಿ ಕುಳಿತು ಯೋಚಿಸಲು ದಿನಗಟ್ಟಲೆ ಸಮಯವಿದೆ. ಅವರು ಅಂಗಡಿಗೆ ಬರುವುದು ಮಾತ್ರ ಕೊನೆಯ ದಿನ ಸಂಜೆ ಆರಕ್ಕೆ.

ಹುಡುಗಿಗೆ ಅಣಕು ಹಂಚಿಕೆಯಲ್ಲಿ 31ನೇ ಸಾಲು ಸಿಕ್ಕಿತ್ತು. ಮೊದಲ ಸುತ್ತಿನಲ್ಲಿ 27ನೆಯದು. 2 ಒತ್ತಿದಳು. ಎರಡನೇ ಸುತ್ತಿನಲ್ಲಿ ಮೈಸೂರಿನ ಒಂದು ಕಾಲೇಜಿನ ಎಲೆಕ್ಟ್ರಾನಿಕ್ಸ್ ಬಂತು, ಪಟ್ಟಿಯ 19ನೇ ಸಾಲು, 2ಎಆರ್ ಮನೆಯಲ್ಲಿ. ಆ ಕೋರ್ಸಿಗೆ ಹಿಂದಿನ ಮೂರು ವರ್ಷದ ಕಟಾಫ್ ನೋಡಿ ನಾನು ಹಾಳೆಯಲ್ಲಿ ಬರೆದಿದ್ದದ್ದು ‘ಬಿತ್ತಿದ್ದು’ ಎಂದು.

ಇನ್ನೊಂದು ಮಾತು. ಅರ್ಜಿಯಲ್ಲಿ ಹಾಕುವ ಮೊಬೈಲ್ ಸಂಖ್ಯೆ ನಿಮ್ಮದೋ ಅಪ್ಪನದೋ ಆಗಿರಲಿ, ಅಂಗಡಿಯದು ಬೇಡ. ಪಾಸ್‌ವರ್ಡ್ ನೀವೇ ಬರೆದಿಟ್ಟುಕೊಳ್ಳಿ. ಒಟಿಪಿ ಬಂದಾಗ ನಾನು ಸಂತೆಯಲ್ಲಿರುತ್ತೇನೆ, ನೀವು ಅಂಗಡಿಯ ಬಾಗಿಲಲ್ಲಿರುತ್ತೀರಿ, ಗಡುವು ಹನ್ನೊಂದು ಗಂಟೆಗೆ ಮುಗಿಯುತ್ತಿರುತ್ತದೆ.